ದನಿ ಕೇಳುತ್ತೆ, ಹಕ್ಕಿ ಕಾಣಲ್ಲ: ಟುವ್ವಿಯನ್ನು ಹುಡುಕುವುದು ಹೇಗೆ?

ಬೆಳಗ್ಗೆ ಕಾಫಿ ಲೋಟ ಹಿಡಿದು ಹಿತ್ತಲಿಗೆ ಬಂದರೆ ಸಾಕು, ದಾಸವಾಳದ ಕಡೆಯಿಂದ ‘ಟುವ್ವಿ ಟುವ್ವಿ ಟುವ್ವಿ’ ಅಂತ ಬಿಡದೆ ಕೂಗು. ಇಷ್ಟು ಜೋರು ದನಿ ಅಂದಮೇಲೆ ಗೊರವಂಕದಷ್ಟಾದರೂ ಇರಬೇಕು ಅಂತ ನಾನು ಎಷ್ಟೋ ದಿನ ಮರದ ತುದಿಯಲ್ಲೇ ಹುಡುಕಿದ್ದೆ.

ಹಾಗಾಗಿ ಮೊದಲ ಕೆಲಸ, ಕಣ್ಣು ಕೆಳಗಿಳಿಸಿ. ಟುವ್ವಿ ಅಥವಾ ಸಿಂಪಿಗ ಓಡಾಡುವುದು ಬೇಲಿ, ಪೊದೆ, ಕುಂಡದ ಗಿಡಗಳ ನಡುವೆ. ಗುಬ್ಬಚ್ಚಿಗಿಂತ ಚಿಕ್ಕದು, ತೂಕ 6ರಿಂದ 10 ಗ್ರಾಂ, ಅಂದರೆ ಒಂದು ರೂಪಾಯಿಯ ಎರಡು ನಾಣ್ಯ ಕೈಯಲ್ಲಿಟ್ಟ ಹಾಗೆ.

ಎಲೆ ಅಲುಗಿದ ಕಡೆ ನೋಡುತ್ತಿರಿ. ಬೆನ್ನು ಎಲೆಹಸಿರು, ಹೊಟ್ಟೆ ಮಾಸಲು ಬಿಳಿ, ನೆತ್ತಿ ಇಟ್ಟಿಗೆ ಬಣ್ಣ, ಬಾಲ ಮಾತ್ರ ಯಾವಾಗಲೂ ಮೇಲಕ್ಕೆ ನೆಟ್ಟಗೆ. ಕೂಗುವಾಗ ಕತ್ತಿನ ಪಕ್ಕ ಕಪ್ಪು ಮಚ್ಚೆ ಇಣುಕುತ್ತದೆ, ಸುಮ್ಮನಿದ್ದಾಗ ಅದು ಗರಿಯೊಳಗೆ ಮುಚ್ಚಿಹೋಗುತ್ತದೆ. ಮರಿ ಮಾಡುವ ಕಾಲದಲ್ಲಿ ಗಂಡಿನ ಬಾಲದ ನಡುವಿನ ಗರಿಗಳು ಉದ್ದವಾಗುತ್ತವೆ, ಆಗ ಗಂಡು ಹೆಣ್ಣು ಗುರುತಿಸುವುದು ಸುಲಭ.

ಊಟ ಹೆಚ್ಚಾಗಿ ಹುಳುಹುಪ್ಪಟೆ. ಎಲೆಯ ಅಡಿಗೆ ಕತ್ತು ತಿರುಗಿಸಿ ಕಂಬಳಿಹುಳು, ಜೀರುಂಡೆ ಹೆಕ್ಕುತ್ತದೆ, ಬೂರುಗದಂಥ ಮರ ಹೂ ಬಿಟ್ಟರೆ ಮಕರಂದವನ್ನೂ ಬಿಡಲ್ಲ. ಗಿಡಕ್ಕೆ ಔಷಧಿ ಹೊಡೆದರೆ ಅದರ ತಿಂಡಿ ಹೋಯಿತು ಅಂತಲೇ ಲೆಕ್ಕ. ನಮ್ಮ ನಿಂಬೆಗಿಡಕ್ಕೆ ನಾನು ಒಂದು ವರ್ಷದಿಂದ ಏನೂ ಹೊಡೆದಿಲ್ಲ, ಎಲೆ ಸ್ವಲ್ಪ ತೂತಾಗಿವೆ, ಇರಲಿ ಬಿಡಿ.

ಗೂಡು ಹುಡುಕುವುದೇ ನಿಜವಾದ ಮಜಾ. ಸುತ್ತಲಿನ ಎಲೆಗಳ ನಡುವೆ ಚೀಲದ ಹಾಗೆ ಮಡಚಿಕೊಂಡ ಒಂದು ದೊಡ್ಡ ಎಲೆ ಕಂಡರೆ ಹತ್ತಿರ ಹೋಗಿ, ಮುಟ್ಟಬೇಡಿ, ಅಂಚು ನೋಡಿ. ಹೆಣ್ಣು ಹಕ್ಕಿ ಕೊಕ್ಕಿನಿಂದ ಚುಚ್ಚಿದ ಸಣ್ಣ ಸಣ್ಣ ತೂತುಗಳಿರುತ್ತವೆ, ಜೇಡರ ಎಳೆ, ನಾರು, ಹತ್ತಿಯನ್ನು ಅವುಗಳಲ್ಲಿ ತೂರಿಸಿರುತ್ತದೆ. ಗಂಟು ಅಂತ ಹಾಕಿರುವುದಿಲ್ಲ, ಹೊರಗೆ ಬಂದ ಎಳೆಯ ತುದಿ ಪುಸ್ಸನೆ ಉಬ್ಬಿಕೊಂಡು ಜಾರದಂತೆ ಹಿಡಿದಿರುತ್ತದೆ! ಎಲೆ ಗಿಡಕ್ಕೇ ಅಂಟಿಕೊಂಡಿರುವುದರಿಂದ ಹಸಿರಾಗೇ ಇರುತ್ತದೆ, ಬೆಕ್ಕಿಗೂ ಬೇಗ ಸಿಕ್ಕಲ್ಲ, ನಮಗೂ ಅಷ್ಟೇ.

ಒಳಗೆ ಸಾಮಾನ್ಯವಾಗಿ ಮೂರ್ನಾಲ್ಕು ಮೊಟ್ಟೆ. ಸುಮಾರು 12 ದಿನ ಕಾವು, ಆಮೇಲೆ ಇನ್ನೆರಡು ವಾರ ಮರಿಗಳ ಗಲಾಟೆ. ಅಷ್ಟು ದಿನ ಕತ್ತರಿ ಹಿಡಿದು ಆ ಗಿಡದ ಹತ್ತಿರ ಹೋಗಬೇಡಿ. ನೀರು ಹಾಕುವಾಗಲೂ ಪೈಪು ಬುಡಕ್ಕೇ ಇರಲಿ. ತೀರಾ ಹತ್ತಿರ ಹೋದಿರೋ, ಗಂಡು ಹೆಣ್ಣು ಎರಡೂ ಸೇರಿ ನಿಮ್ಮ ತಲೆ ಮೇಲೇ ಬೈಯಲು ಶುರು ಮಾಡುತ್ತವೆ.