ಡ್ರೈವ್‌ವೇ ಇಲ್ಲದ ಬೀದಿಗೆ ಚಾರ್ಜರ್: ಇಂಗ್ಲೆಂಡಿನ ಕೌನ್ಸಿಲ್‌ಗಳ ಜೊತೆ ನನ್ನ ಅನುಭವ

ಇಂಗ್ಲೆಂಡಿನ ಹಳೆಯ ಊರುಗಳಲ್ಲಿ ಸಾಲುಮನೆಗಳ ಬೀದಿಗಳು ಜಾಸ್ತಿ. ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು. ಬಾಗಿಲು ತೆಗೆದರೆ ಫುಟ್‌ಪಾತ್, ಅದನ್ನು ದಾಟಿದರೆ ರಸ್ತೆ. ಕಾರು ಬೀದಿಯಲ್ಲೇ ನಿಲ್ಲಬೇಕು. ಪೆಟ್ರೋಲ್ ಕಾರಿದ್ದಾಗ ಇದೊಂದು ತೊಂದರೆಯೇ ಅಲ್ಲ. ಎಲೆಕ್ಟ್ರಿಕ್ ಕಾರು ಕೊಳ್ಳಬೇಕು ಅಂತ ಕೂತಾಗ ಮಾತ್ರ ಎಲ್ಲ ಲೆಕ್ಕವೂ ಬದಲಾಗುತ್ತದೆ.

ಮನೆ ಮುಂದೆ ಸ್ವಂತ ಜಾಗ ಇರುವವರು ಗೋಡೆಗೆ ಒಂದು ಚಾರ್ಜರ್ ಹಾಕಿಸಿಕೊಳ್ಳುತ್ತಾರೆ. ರಾತ್ರಿಯ ಅಗ್ಗದ ದರದಲ್ಲಿ ಯೂನಿಟ್‌ಗೆ 10 ಪೆನ್ಸ್‌ಗಿಂತ ಕಡಿಮೆಗೆ ಬ್ಯಾಟರಿ ತುಂಬುತ್ತದೆ. ಬೀದಿಯಲ್ಲಿ ನಿಲ್ಲಿಸುವವರು ಸಾರ್ವಜನಿಕ ಚಾರ್ಜರ್ ಹುಡುಕಿಕೊಂಡು ಹೋಗಿ ಅದರ ಹಲವು ಪಟ್ಟು ಕೊಡುತ್ತಾರೆ. ತೆರಿಗೆಯೂ ಹಾಗೆಯೇ. ಮನೆ ವಿದ್ಯುತ್‌ಗೆ ವ್ಯಾಟ್ ತೆರಿಗೆ ಶೇ 5, ಬೀದಿ ಚಾರ್ಜರ್‌ಗೆ ಶೇ 20 ಎಂಬ ಲೆಕ್ಕದಲ್ಲೇ ಇಷ್ಟು ವರ್ಷ ನಡೆದಿದೆ. ಸಾರಿಗೆ ಸಂಶೋಧನಾ ಸಂಸ್ಥೆ ಆರ್‌ಎಸಿ ಫೌಂಡೇಶನ್ 2021ರಲ್ಲಿ ಹೇಳಿದ ಪ್ರಕಾರ ಬ್ರಿಟನ್ನಿನ ಶೇ 65ರಷ್ಟು ಮನೆಗಳಿಗೆ ಸ್ವಂತ ಪಾರ್ಕಿಂಗ್ ಇದೆ, ಇಲ್ಲವೇ ಮಾಡಿಕೊಳ್ಳಲು ಜಾಗ ಇದೆ. ಉಳಿದವರಲ್ಲಿ ಬಾಡಿಗೆಯವರು, ಫ್ಲಾಟಿನವರು, ಸಾಲುಮನೆಯವರೇ ಹೆಚ್ಚು. ಕೈಯಲ್ಲಿ ಕಾಸು ಕಡಿಮೆ ಇರುವವರೇ ಜಾಸ್ತಿ ಕೊಡಬೇಕಾಗಿ ಬಂದಿರುವುದು ನನಗೆ ಮೊದಲಿನಿಂದಲೂ ಚುಚ್ಚುವ ವಿಷಯ.

ನಾನು ಮೈಸೂರಿನಲ್ಲಿ ಎಲೆಕ್ಟ್ರಿಕಲ್ ಓದಿ ಇಲ್ಲಿಗೆ ಬಂದವನು. ಕೆಲವು ವರ್ಷಗಳಿಂದ ಇಲ್ಲಿನ ಕೌನ್ಸಿಲ್‌ಗಳನ್ನು, ಅಂದರೆ ನಮ್ಮ ನಗರಸಭೆ ಥರದ ಸ್ಥಳೀಯ ಆಡಳಿತಗಳನ್ನು, ಬೀದಿ ಬದಿಯ ಚಾರ್ಜಿಂಗ್‌ಗೆ ತಯಾರು ಮಾಡುವುದೇ ನನ್ನ ಕೆಲಸ. ಹೆಚ್ಚಿನವರು ಚಾರ್ಜರ್ ಆಯ್ಕೆಯಿಂದ ಶುರು ಮಾಡುತ್ತಾರೆ. ಯಾವ ಕಂಪನಿ, ಎಷ್ಟು ಕಿಲೋವ್ಯಾಟ್, ಯಾವ ಬಣ್ಣ ಅಂತ ಚರ್ಚೆ. ನನ್ನ ಅನುಭವದಲ್ಲಿ ಚಾರ್ಜರ್ ಕೊನೆಯ ವಿಷಯ. ಕೌನ್ಸಿಲ್‌ಗೆ ತನ್ನ ಬೀದಿದೀಪದ ಕಂಬಗಳು, ತನ್ನ ಫುಟ್‌ಪಾತ್, ತನ್ನ ಕಾಗದಪತ್ರ ಸರಿಯಾಗಿ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ.

ದುಡ್ಡಿನ ವಿಷಯ ಬೇಗ ಹೇಳಿಬಿಡುತ್ತೇನೆ. ವಸತಿ ಬೀದಿಗಳ ಚಾರ್ಜರ್‌ಗೆ ಸರ್ಕಾರದ ಅನುದಾನ 2017ರಲ್ಲೇ ಶುರುವಾಯಿತು. 2022ರ ಮಾರ್ಚ್‌ನಲ್ಲಿ, 2030ರ ಹೊತ್ತಿಗೆ ದೇಶದಲ್ಲಿ ಕನಿಷ್ಠ 3 ಲಕ್ಷ ಸಾರ್ವಜನಿಕ ಚಾರ್ಜರ್ ಇರಬೇಕು ಎಂಬ ಗುರಿ ಬಂತು. 2023ರಲ್ಲಿ ಇಂಗ್ಲೆಂಡಿನ ಕೌನ್ಸಿಲ್‌ಗಳಿಗಾಗಿ 38.1 ಕೋಟಿ ಪೌಂಡಿನ 'ಲೆವಿ' (LEVI) ಎಂಬ ಚಾರ್ಜಿಂಗ್ ನಿಧಿ ಬಂತು. ಅದರಲ್ಲಿ ಸುಮಾರು 3.8 ಕೋಟಿ ಪೌಂಡ್ ಚಾರ್ಜರ್‌ಗಲ್ಲ, ಕೌನ್ಸಿಲ್‌ನಲ್ಲಿ ಈ ಕೆಲಸ ಮಾಡುವ ಜನಕ್ಕೆ. ನನ್ನನ್ನು ಕೇಳಿದರೆ ಇಡೀ ಯೋಜನೆಯಲ್ಲಿ ಅತ್ಯಂತ ಒಳ್ಳೆಯ ತೀರ್ಮಾನ ಅದು. ಏಕೆಂದರೆ ಅದಕ್ಕೆ ಮುಂಚೆ ಎಷ್ಟೋ ಕಡೆ ಒಬ್ಬರೇ ಅಧಿಕಾರಿ ಸೈಕಲ್ ದಾರಿ, ಬಸ್ ನಿಲ್ದಾಣದ ಜೊತೆ ಇದನ್ನೂ ನೋಡಿಕೊಳ್ಳುತ್ತಿದ್ದರು.

ಯಾವುದೇ ಕೌನ್ಸಿಲ್‌ಗೆ ಹೋದರೂ ನಾನು ಮೊದಲು ಮಾಡಿಸುವುದು ಒಂದು ಸಭೆ. ಬೀದಿದೀಪ, ರಸ್ತೆ, ಪಾರ್ಕಿಂಗ್, ಯೋಜನೆ, ಕಾನೂನು, ಖರೀದಿ, ಎಲ್ಲ ವಿಭಾಗದವರೂ ಒಂದೇ ಮೇಜಿನ ಸುತ್ತ ಕೂರಬೇಕು. ಕೇಳಲು ಸುಲಭ, ಮಾಡಲು ಕಷ್ಟ. ಇಂಗ್ಲೆಂಡಿನ ಬಹಳಷ್ಟು ಕಡೆ ಎರಡು ಹಂತದ ಆಡಳಿತ ಇದೆ. ರಸ್ತೆ, ಬೀದಿದೀಪ ಕೌಂಟಿ ಕೌನ್ಸಿಲ್‌ನದು. ಕಾರ್ ಪಾರ್ಕ್‌ಗಳು ಜಿಲ್ಲಾ ಕೌನ್ಸಿಲ್‌ನವು. ಅನುದಾನ ಕೌಂಟಿಗೆ ಬರುತ್ತದೆ, ರಾತ್ರಿ ಖಾಲಿ ಬಿದ್ದಿರುವ ಕಾರ್ ಪಾರ್ಕ್ ಇನ್ನೊಬ್ಬರ ಕೈಯಲ್ಲಿರುತ್ತದೆ. ಈ ಇಬ್ಬರನ್ನೂ ಮೊದಲ ದಿನವೇ ಕೂರಿಸದಿದ್ದರೆ, ಟೆಂಡರ್ ಕರೆಯುವ ಹೊತ್ತಿಗೆ ಜಗಳ ಶುರುವಾಗುತ್ತದೆ.

ಆ ಸಭೆಯಲ್ಲಿ ನಾನು ಪಕ್ಕದಲ್ಲಿ ಕೂರಲು ಹುಡುಕುವುದು ಬೀದಿದೀಪದ ಎಂಜಿನಿಯರನ್ನು. ಸಾಮಾನ್ಯವಾಗಿ ಬಹಳ ವರ್ಷ ಅಲ್ಲೇ ದುಡಿದವರು. ಯಾವ ಕಂಬಕ್ಕೆ ಕರೆಂಟ್ ಎಲ್ಲಿಂದ ಬರುತ್ತದೆ ಅಂತ ಅವರಿಗೆ ಬಾಯಿಪಾಠ.

ಕಂಬದಲ್ಲೇ ಚಾರ್ಜರ್ ಕೂರಿಸುವುದು ಲಂಡನ್ನಿನಲ್ಲಿ ತುಂಬ ಬಳಕೆಗೆ ಬಂದಿದೆ. 5 ಕಿಲೋವ್ಯಾಟ್ ಆಸುಪಾಸಿನ ಚಿಕ್ಕ ಸಾಕೆಟ್, ಕಂಬದ ಹೊಟ್ಟೆಯಲ್ಲೇ ಅಡಗಿರುತ್ತದೆ. ಫುಟ್‌ಪಾತ್ ಮೇಲೆ ಹೊಸ ಪೆಟ್ಟಿಗೆ ಬೇಕಿಲ್ಲ. ಅಗೆಯುವ ಖರ್ಚೂ ಉಳಿಯುತ್ತದೆ. ಹಾಗಾಗಿ ಕೌನ್ಸಿಲರ್‌ಗಳು ಬಂದ ಕೂಡಲೇ ಕೇಳುವುದು ಇದನ್ನೇ: 'ನಮ್ಮಲ್ಲಿ ಸಾವಿರಾರು ಕಂಬ ಇವೆ, ಎಲ್ಲಕ್ಕೂ ಹಾಕಬಹುದಲ್ವಾ?' ಆಗ ನಾನು ಅವರನ್ನು ಬೀದಿಗೆ ಕರೆದುಕೊಂಡು ಹೋಗುತ್ತೇನೆ. ಕೈಯಲ್ಲಿ ಒಂದು ಅಳತೆ ಟೇಪು, ಒಂದು ನಕ್ಷೆ. ಜೊತೆಗೆ ದೀಪದ ಎಂಜಿನಿಯರ್.

ಮೊದಲು ನೋಡುವುದು ಕಂಬ ಎಲ್ಲಿ ನಿಂತಿದೆ ಅಂತ. ರಸ್ತೆಯಂಚಿನ ಕಲ್ಲಿನ ಪಕ್ಕ ಇದ್ದರೆ ಸರಿ. ಎಷ್ಟೋ ಊರುಗಳಲ್ಲಿ ಕಂಬವನ್ನು ಫುಟ್‌ಪಾತ್‌ನ ಹಿಂಬದಿಗೆ, ಮನೆಯ ಕಾಂಪೌಂಡಿಗೆ ಅಂಟಿಸಿ ನಿಲ್ಲಿಸಿದ್ದಾರೆ. ಅಲ್ಲಿ ಚಾರ್ಜರ್ ಹಾಕಿದರೆ ಕೇಬಲ್ ಇಡೀ ಫುಟ್‌ಪಾತಿಗೆ ಅಡ್ಡ ಬೀಳುತ್ತದೆ. ಅಂಥ ಬೀದಿ ಅಲ್ಲೇ ಪಟ್ಟಿಯಿಂದ ಹೊರಗೆ.

ಆಮೇಲೆ ಎಂಜಿನಿಯರ್ ಕಂಬದ ಬುಡದ ಚಿಕ್ಕ ಬಾಗಿಲು ತೆಗೆಯುತ್ತಾರೆ. ಒಳಗೆ ಒಂದು ಫ್ಯೂಸ್, ನೆಲದಿಂದ ಬಂದ ಕೇಬಲ್, ಮೇಲೆ ದೀಪಕ್ಕೆ ಹೋಗುವ ತಂತಿ. ಆ ಕೇಬಲ್ ನೇರವಾಗಿ ವಿದ್ಯುತ್ ವಿತರಣಾ ಕಂಪನಿಯ ಮುಖ್ಯ ಲೈನಿನಿಂದ ಬಂದಿದೆಯೋ, ಅಥವಾ ಕೌನ್ಸಿಲ್ ತಾನೇ ಒಂದು ಕಂಬದಿಂದ ಇನ್ನೊಂದಕ್ಕೆ ಎಳೆದ ಹಳೆಯ ಕೇಬಲ್ಲೋ ನೋಡಬೇಕು. ಎರಡನೆಯದಾದರೆ ಒಂದು ಸಾಲಿನ ಕಂಬಗಳೆಲ್ಲ ಒಂದೇ ಕೇಬಲ್ ಹಂಚಿಕೊಂಡಿರುತ್ತವೆ. ಸೋಡಿಯಂ ದೀಪ ತೆಗೆದು ಎಲ್‌ಇಡಿ ಹಾಕಿದ್ದರಿಂದ ಸ್ವಲ್ಪ ಹೊರೆ ಇಳಿದಿರುವುದು ನಿಜ. ಆದರೆ ಉಳಿದದ್ದು ಕೆಲವು ನೂರು ವ್ಯಾಟ್. ಕಾರು ಕೇಳುವುದು ಕಿಲೋವ್ಯಾಟ್‌ಗಳಲ್ಲಿ.

ಅರ್ಥಿಂಗ್ ವಿಷಯದಲ್ಲಿ ನಾನು ಯಾರಿಗೂ ಬಗ್ಗುವುದಿಲ್ಲ. ಇಲ್ಲಿನ ಬಹಳಷ್ಟು ಬೀದಿಗಳಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ಎರಡಕ್ಕೂ ನೆಲದಡಿ ಒಂದೇ ತಂತಿ. ಅದು ಎಲ್ಲೋ ಕಡಿದುಹೋದರೆ ಚಾರ್ಜ್ ಆಗುತ್ತಿರುವ ಕಾರಿನ ಮೈಗೇ ವೋಲ್ಟೇಜ್ ಬರಬಹುದು. ಮನೆಯೊಳಗೆ ಫ್ರಿಜ್ ಮುಟ್ಟುವವರು ಒಣ ನೆಲದ ಮೇಲಿರುತ್ತಾರೆ. ಬೀದಿಯಲ್ಲಿ ಕಾರು ಮುಟ್ಟುವವರು ಮಳೆಯಲ್ಲಿ ಒದ್ದೆ ನೆಲದ ಮೇಲೆ ನಿಂತಿರುತ್ತಾರೆ. ಹಾಗಾಗಿಯೇ ವೈರಿಂಗ್‌ನ ಬ್ರಿಟಿಷ್ ಮಾನದಂಡ ಬಿಎಸ್ 7671ರ 722ನೇ ಸೆಕ್ಷನ್ ಇದಕ್ಕೆ ಬೇರೆ ರಕ್ಷಣೆ ಕೇಳುತ್ತದೆ. ಪ್ರತಿ ಟೆಂಡರ್‌ನಲ್ಲೂ ಕಂಪನಿ ಇದನ್ನು ಹೇಗೆ ನಿಭಾಯಿಸುತ್ತದೆ ಅಂತ ನಾನು ಬರೆಸಿಕೊಳ್ಳುತ್ತೇನೆ.

ಇನ್ನೊಂದು ಮಾತು. ಬೀದಿದೀಪಕ್ಕೆ ಇಲ್ಲಿ ಸಾಮಾನ್ಯವಾಗಿ ಮೀಟರ್ ಇರುವುದಿಲ್ಲ. ಎಷ್ಟು ದೀಪ, ಎಷ್ಟು ವ್ಯಾಟ್, ಎಷ್ಟು ಗಂಟೆ ಉರಿಯುತ್ತದೆ ಎಂಬ ಪಟ್ಟಿ ನೋಡಿ ಬಿಲ್ ಮಾಡುತ್ತಾರೆ. ಆ ಪಟ್ಟಿ ತಪ್ಪಿದ್ದರೆ ಚಾರ್ಜರ್‌ನ ಲೆಕ್ಕವೂ ಎಡವುತ್ತದೆ. ಅನುದಾನದ ಅರ್ಜಿಗೆ ಮುಂಚೆ ಕಂಬಗಳ ಪಟ್ಟಿಯನ್ನು ತಿದ್ದಿ ಇಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಬೇಸರದ ಕೆಲಸ, ಆದರೆ ಇದಕ್ಕಿಂತ ಉಪಯೋಗದ್ದು ಇನ್ನೊಂದಿಲ್ಲ.

ಇನ್ನು ಫುಟ್‌ಪಾತ್. ಸರ್ಕಾರದ ಮಾರ್ಗಸೂಚಿ ಪ್ರಕಾರ ನಡೆಯುವವರಿಗೆ 2 ಮೀಟರ್ ಅಗಲ ಸಿಗಬೇಕು. ಆಗದಿದ್ದರೆ ಕನಿಷ್ಠ 1.5 ಮೀಟರ್. ಸಾಲುಮನೆಗಳ ಬೀದಿಯಲ್ಲಿ ಟೇಪು ಹಿಡಿದರೆ ಎಷ್ಟೋ ಸಲ ಒಟ್ಟು ಫುಟ್‌ಪಾತೇ ಅಷ್ಟು ಇರುತ್ತದೆ. ಅದರ ಮೇಲೆ ಪೆಟ್ಟಿಗೆ ಇಟ್ಟರೆ ವ್ಹೀಲ್‌ಚೇರಿನವರು, ಮಗುವಿನ ಗಾಡಿ ತಳ್ಳುವವರು ರಸ್ತೆಗೆ ಇಳಿಯಬೇಕು. ಅಂಥ ಕಡೆ ನಾನು ಕೇಳುವುದು ರಸ್ತೆಯದೇ ಜಾಗ. ಎರಡು ಕಾರುಗಳ ನಡುವೆ ರಸ್ತೆಯೊಳಕ್ಕೆ ಚಿಕ್ಕ ಕಟ್ಟೆ ಕಟ್ಟಿ ಅದರ ಮೇಲೆ ಚಾರ್ಜರ್ ನಿಲ್ಲಿಸುವುದು. ಖರ್ಚು ಜಾಸ್ತಿ, ಸ್ವಲ್ಪ ಪಾರ್ಕಿಂಗ್ ಜಾಗವೂ ಹೋಗುತ್ತದೆ. ಹಾಗೆಂದು ಕಾರಿನ ಅನುಕೂಲಕ್ಕೆ ನಡೆಯುವವರ ದಾರಿ ಕಿತ್ತುಕೊಳ್ಳುವುದು ನನಗೆ ಒಪ್ಪಿಗೆ ಇಲ್ಲ. ಅಂಗವಿಕಲರಿಗೂ ಬಳಸಲು ಬರುವ ಚಾರ್ಜರ್ ಹೇಗಿರಬೇಕು ಅಂತ 2022ರಲ್ಲಿ ಪಾಸ್ 1899 ಎಂಬ ಮಾನದಂಡ ಬಂತು. ಅದು ಕಡ್ಡಾಯವಲ್ಲ. ಕೌನ್ಸಿಲ್ ಒಪ್ಪಂದದಲ್ಲಿ ಬರೆದರೆ ಮಾತ್ರ ಕಂಪನಿಗಳು ಅದರಂತೆ ನಡೆಯುತ್ತವೆ.

ಕೆಲವರು ಮನೆಯಿಂದಲೇ ಕೇಬಲ್ ಎಳೆದು ಫುಟ್‌ಪಾತ್ ಮೇಲೆ ರಬ್ಬರ್ ಮ್ಯಾಟ್ ಹಾಸಿ ಚಾರ್ಜ್ ಮಾಡಿಕೊಳ್ಳುತ್ತಾರೆ. ಅದಕ್ಕೆ ಈಗ ಫುಟ್‌ಪಾತಿನಲ್ಲೇ ಸಣ್ಣ ಕಾಲುವೆ ಕೊರೆದು ಕೇಬಲ್ ಒಳಗೆ ಕೂರಿಸುವ ವ್ಯವಸ್ಥೆ ಬಂದಿದೆ. ಆಕ್ಸ್‌ಫರ್ಡ್‌ನಲ್ಲಿ ಮೊದಮೊದಲಿಗೇ ಇದನ್ನು ಮಾಡಿ ನೋಡಿದರು. 2025ರಲ್ಲಿ ಸರ್ಕಾರ ಇದಕ್ಕೆಂದೇ 2.5 ಕೋಟಿ ಪೌಂಡ್ ಇಟ್ಟಿತು. ನನಗೆ ಇದು ತುಂಬ ಇಷ್ಟ, ಏಕೆಂದರೆ ಬೀದಿಯವರಿಗೂ ಮನೆಯ ದರ ಸಿಗುತ್ತದೆ. ಆದರೆ ಮನೆ ಮುಂದಿನ ಜಾಗ ಯಾರ ಸ್ವತ್ತೂ ಅಲ್ಲ. ಈ ಕಾಲುವೆ ಹಾಕಿಸಿಕೊಂಡವರಿಗೆ ಅಲ್ಲೇ ನಿಲ್ಲಿಸುವ ಹಕ್ಕು ಬರುವುದಿಲ್ಲ ಅಂತ ಅರ್ಜಿಯಲ್ಲೇ ದಪ್ಪ ಅಕ್ಷರದಲ್ಲಿ ಹಾಕಿಸುತ್ತೇನೆ.

ಜನರ ಜೊತೆ ಮಾತಾಡುವ ಸಭೆಗಳಲ್ಲಿ ಬರುವ ವಿರೋಧ ಹೆಚ್ಚಾಗಿ ಚಾರ್ಜರ್ ಬಗ್ಗೆ ಅಲ್ಲ, ಪಾರ್ಕಿಂಗ್ ಬಗ್ಗೆ. ಒಂದು ಊರಿನ ಸಮುದಾಯ ಭವನದಲ್ಲಿ ಒಬ್ಬ ಅಜ್ಜಿ ಎದ್ದು ನಿಂತು ಕೇಳಿದರು: 'ಭಾನುವಾರ ನನ್ನ ಮಗ ಬರ್ತಾನೆ. ಜಾಗ ಎಲ್ಲ ನಿಮ್ಮ ಕಾರುಗಳಿಗೆ ಮೀಸಲಿಟ್ಟರೆ ಅವನು ಎಲ್ಲಿ ನಿಲ್ಲಿಸೋದು?' ನ್ಯಾಯವಾದ ಪ್ರಶ್ನೆ. ಜಾಗ ಮೀಸಲಿಡಬೇಕಾದರೆ ಟ್ರಾಫಿಕ್ ಆದೇಶ ಹೊರಡಿಸಬೇಕು, ಆಕ್ಷೇಪಣೆಗೆ 21 ದಿನ ಕೊಡಬೇಕು. ಆ ದಿನದಿಂದ ನನ್ನ ಸಲಹೆ ಇಷ್ಟೇ. ಕಂಬದ ಚಾರ್ಜರ್‌ಗೆ ಸುಮ್ನೆ ಜಾಗ ಮೀಸಲಿಡಬೇಡಿ. ಬೀದಿಯಲ್ಲಿ ಹಲವು ಕಂಬಕ್ಕೆ ಹಾಕಿ, ಒಂದು ಸಿಗದಿದ್ದರೆ ಇನ್ನೊಂದು ಸಿಗುತ್ತದೆ. ಬೇರೆಯಾಗಿ ನಿಲ್ಲಿಸುವ ದುಬಾರಿ ಚಾರ್ಜರ್‌ಗೆ ಮಾತ್ರ ಮೀಸಲಿಡಿ.

ವಿತರಣಾ ಕಂಪನಿ ಅಂದರೆ ನಮ್ಮ ಬೆಸ್ಕಾಂ ಥರ, ಆದರೆ ಇಲ್ಲಿ ಖಾಸಗಿ. ಅವರ ಹತ್ತಿರ ಜಾಗ ಪಕ್ಕಾ ಆದ ಮೇಲೆ ಹೋಗಬಾರದು, ಮುಂಚೆಯೇ ಹೋಗಬೇಕು. ಎದುರು ಬದುರಿನ ಎರಡು ಜಾಗಗಳ ಸಂಪರ್ಕ ವೆಚ್ಚದಲ್ಲೇ ದೊಡ್ಡ ಅಂತರ ಇರಬಹುದು, ಏಕೆಂದರೆ ಕೆಲವು ಕಡೆ ಕೇಬಲ್ ರಸ್ತೆಯ ಒಂದು ಬದಿಯಲ್ಲಿ ಮಾತ್ರ ಇರುತ್ತದೆ. 2023ರ ಏಪ್ರಿಲ್‌ನಿಂದ ಇಲ್ಲಿನ ವಿದ್ಯುತ್ ನಿಯಂತ್ರಕ ಸಂಸ್ಥೆ ಆಫ್‌ಜೆಮ್ ನಿಯಮ ಬದಲಿಸಿದ ಮೇಲೆ, ಜಾಲವನ್ನು ಬಲಪಡಿಸುವ ಖರ್ಚು ಸಾಮಾನ್ಯವಾಗಿ ಹೊಸ ಗ್ರಾಹಕರ ತಲೆಗೆ ಬೀಳುವುದಿಲ್ಲ. ಇದರಿಂದ ಎಷ್ಟೋ ಬಡ ಬೀದಿಗಳ ಲೆಕ್ಕ ಮತ್ತೆ ಹೊಂದಿತು.

ಬೆಂಗಳೂರಿನ ಗೆಳೆಯರು ಇದೆಲ್ಲ ಕೇಳಿ, ನಮ್ಮಲ್ಲಿ ಬೇಗ ಆಗುತ್ತೆ ಬಿಡು ಅನ್ನುತ್ತಾರೆ. ಒಂದು ರೀತಿ ನಿಜ. 2017ರಲ್ಲೇ ದೇಶದಲ್ಲಿ ಮೊದಲು ಇವಿ ನೀತಿ ತಂದದ್ದು ಕರ್ನಾಟಕ. ಚಾರ್ಜಿಂಗ್ ಕೇಂದ್ರಗಳ ಹೊಣೆಯೂ ಬೆಸ್ಕಾಂಗೇ ಇದೆ, ಜಾಲವೂ ಅವರದೇ. ಆದರೆ ಟ್ರಾನ್ಸ್‌ಫಾರ್ಮರ್, ಬೈಕು, ತಳ್ಳುಗಾಡಿಯ ನಡುವೆ ಫುಟ್‌ಪಾತ್ ಎಷ್ಟು ಉಳಿದಿದೆ ಅಂತ ಅಲ್ಲೂ ಟೇಪು ಹಿಡಿದೇ ನೋಡಬೇಕು.

ಕೊನೆಗೆ ಒಪ್ಪಂದ. ಇದರಲ್ಲಿ ನಾನು ಅತಿ ಹೆಚ್ಚು ಹೊತ್ತು ಕಳೆಯುತ್ತೇನೆ. ಕಂಪನಿಗಳು 15 ವರ್ಷ, ಕೆಲವು ಕಡೆ ಅದಕ್ಕಿಂತ ಜಾಸ್ತಿ ಕೇಳುತ್ತವೆ. ಬಂಡವಾಳ ಹಾಕುತ್ತವೆ, ಕೌನ್ಸಿಲ್‌ಗೆ ಆದಾಯದಲ್ಲಿ ಒಂದು ಪಾಲು ಕೊಡುತ್ತವೆ. ಬಿಟ್ಟರೆ ಲಾಭ ಬರುವ ಬೀದಿಗಳನ್ನಷ್ಟೇ ಆರಿಸಿಕೊಳ್ಳುತ್ತವೆ. ಆದ್ದರಿಂದ ಒಳ್ಳೆಯ ಬೀದಿ, ಸದ್ಯ ಯಾರೂ ಕೇಳದ ಬೀದಿ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಕೊಡಬೇಕು. ಆದಾಯದ ಪಾಲು ಕಡಿಮೆ ಮಾಡಿಕೊಂಡು ದರಕ್ಕೆ ಮಿತಿ ಹಾಕಿಸಿ ಅಂತಲೂ ಹೇಳುತ್ತೇನೆ. ಕೌನ್ಸಿಲ್‌ನ ಬೊಕ್ಕಸಕ್ಕೆ ಬರುವ ಆ ಪೆನ್ಸ್‌ಗಳು ಅದೇ ಬೀದಿಯ ಜನರ ಜೇಬಿನಿಂದಲೇ ಬರುವುದು, ಅಲ್ವಾ?

ಬಹಳ ಜನ ಗಮನಿಸದ ಒಂದು ಸಂಗತಿ ಇಲ್ಲಿದೆ. 2023ರ ಸಾರ್ವಜನಿಕ ಚಾರ್ಜ್ ಪಾಯಿಂಟ್ ನಿಯಮಗಳು ಶೇ 99ರಷ್ಟು ಹೊತ್ತು ಚಾರ್ಜರ್ ಕೆಲಸ ಮಾಡುತ್ತಿರಬೇಕು ಅನ್ನುತ್ತವೆ. ಅದು 50 ಕಿಲೋವ್ಯಾಟ್ ಮತ್ತು ಮೇಲಿನ ವೇಗದ ಚಾರ್ಜರ್‌ಗಳಿಗೆ ಮಾತ್ರ. ಕಾರ್ಡ್ ತಟ್ಟಿ ದುಡ್ಡು ಕೊಡುವ ಸೌಲಭ್ಯ ಹೊಸದಾದ, 8 ಕಿಲೋವ್ಯಾಟ್ ಮತ್ತು ಮೇಲಿನವಕ್ಕೆ ಕಡ್ಡಾಯ. ಮನೆ ಮುಂದಿನ ಬೀದಿ ಚಾರ್ಜರ್‌ಗಳು ಸಾಮಾನ್ಯವಾಗಿ 5 ಅಥವಾ 7 ಕಿಲೋವ್ಯಾಟಿನವು. ಎರಡು ನಿಯಮಗಳೂ ಇವನ್ನು ಮುಟ್ಟುವುದಿಲ್ಲ. ಅಂದರೆ ಹೆದ್ದಾರಿಯಲ್ಲಿ ಸಿಗುವ ಭದ್ರತೆ, ದಿನಾ ಬಳಸುವ ಬೀದಿಯವರಿಗೆ ಸಿಗುವುದಿಲ್ಲ. ಎಷ್ಟು ಹೊತ್ತಿನಲ್ಲಿ ರಿಪೇರಿ ಮಾಡಬೇಕು, ಸ್ಮಾರ್ಟ್‌ಫೋನ್ ಇಲ್ಲದವರು ದುಡ್ಡು ಹೇಗೆ ಕೊಡಬೇಕು, ಅವಧಿ ಮುಗಿದ ಮೇಲೆ ನೆಲದಡಿಯ ಕೇಬಲ್ ಯಾರದ್ದು, ಬಳಕೆಯ ಅಂಕಿಅಂಶ ಯಾರ ಕೈಯಲ್ಲಿರುತ್ತದೆ, ಇವಷ್ಟನ್ನೂ ಕೌನ್ಸಿಲ್ ತಾನೇ ಒಪ್ಪಂದದಲ್ಲಿ ಬರೆದುಕೊಳ್ಳಬೇಕು. ಬರೆದುಕೊಂಡ ಕಡೆ ಕೆಟ್ಟ ಚಾರ್ಜರ್ ಬೇಗ ಸರಿಯಾಗುವುದನ್ನು ನೋಡಿದ್ದೇನೆ.

ಚಾರ್ಜರ್ ನಿಂತ ಮೇಲೆ ದೂರು ಬಂದೇ ಬರುತ್ತದೆ. ಕಂಬದ ಮೇಲೆ ಕಂಪನಿಯ ನಂಬರ್ ಇದ್ದರೂ ಜನ ಫೋನ್ ಮಾಡುವುದು ಕೌನ್ಸಿಲ್‌ಗೇ. ಹಾಗಾಗಿ ಫೋನ್ ಎತ್ತುವ ಸಿಬ್ಬಂದಿಗೆ ಮೊದಲೇ ಒಂದು ಹಾಳೆಯಲ್ಲಿ ಬರೆದು ಕೊಡುತ್ತೇನೆ. ಕಂಬದ ನಂಬರ್ ಕೇಳಬೇಕು, ಕೇಬಲ್ ಸಿಕ್ಕಿಹಾಕಿಕೊಂಡಿದ್ದರೆ ಯಾರಿಗೆ ಹೇಳಬೇಕು, ಕಂಬಕ್ಕೆ ಕಾರು ಗುದ್ದಿದರೆ ದೀಪದವರು ಮೊದಲು ಹೋಗಬೇಕೋ ಚಾರ್ಜರ್‌ನವರೋ. ಈ ಕೊನೆಯ ಪ್ರಶ್ನೆಗೆ ಉತ್ತರ ಕೆಲಸ ಶುರುವಾಗುವ ಮುಂಚೆಯೇ ಇಬ್ಬರ ಸಹಿಯೊಂದಿಗೆ ಕಡತದಲ್ಲಿ ಇರಬೇಕು.