ಟಿಕೆಟ್ ಇಲ್ಲದ ಜಾಗದಲ್ಲಿ ಒಂದು ದಿನ

ಮೈಸೂರಿಗೆ ಹೋದಾಗಲೆಲ್ಲ ಅರಮನೆ, ಮೃಗಾಲಯ, ಬೆಟ್ಟ ಸುತ್ತಿ ಧಾರವಾಡಕ್ಕೆ ಮರಳುತ್ತಿದ್ದ ನಾನು, ಒಮ್ಮೆ ಅಲ್ಲಿನ ವಿಶ್ವವಿದ್ಯಾನಿಲಯವನ್ನೇ ನೋಡಬೇಕೆಂದು ಹೊರಟೆ. ಮೊದಲ ಹೆಜ್ಜೆಯಲ್ಲೇ ಎಡವಿದೆ. ಹೋದದ್ದು ಭಾನುವಾರ. ನನಗೆ ರಜೆಯಿರುವ ದಿನ ಅವರಿಗೂ ರಜೆ ಎಂಬುದು ತಲೆಗೇ ಹೊಳೆದಿರಲಿಲ್ಲ. ಮುಚ್ಚಿದ ಬಾಗಿಲುಗಳ ಫೋಟೊ ತೆಗೆದುಕೊಂಡು ಬಂದೆ. ಮುಂದಿನ ಸಲ ಕಚೇರಿಗೆ ರಜೆ ಹಾಕಿ, ಬುಧವಾರ ಹೋದೆ.

ಶುರು ಮಾಡಿದ್ದು ಕೃಷ್ಣರಾಜ ಬುಲೆವಾರ್ಡ್ ರಸ್ತೆಯ ಪ್ರಾಚ್ಯವಿದ್ಯಾ ಸಂಶೋಧನಾಲಯದಿಂದ, ಹಳೆಯ ಹಸ್ತಪ್ರತಿಗಳನ್ನು ಕಾಪಾಡುವ ವಿಶ್ವವಿದ್ಯಾನಿಲಯದ ಸಂಸ್ಥೆಯಿದು. ಟಿಕೆಟ್ ಕೊಂಡ ಕಡೆ ನಮಗೊಂದು ಧೈರ್ಯವಿರುತ್ತದೆ, ದುಡ್ಡು ಕೊಟ್ಟಿದ್ದೇನೆ, ನೋಡುತ್ತೇನೆ ಅಂತ. ಇಲ್ಲಿ ಅದಿಲ್ಲ. ಬಾಗಿಲಲ್ಲೇ ಕಾಲು ತಡೆಯಿತು.

"ಯಾರನ್ನು ನೋಡಬೇಕಿತ್ತು ಸಾರ್?" ಎಂದರು ಕಾವಲಿಗಿದ್ದವರು.

"ಯಾರನ್ನೂ ಅಲ್ಲಣ್ಣ, ಕಟ್ಟಡ ನೋಡಬೇಕಿತ್ತು."

ಅವರು ನನ್ನ ಬರಿಗೈಯನ್ನು ನೋಡಿ, ಒಳಗೆ ಹೋಗಿ ಕೇಳಿ ಎಂದರು. ಕೇಳಿದೆ, ನೋಡಿಕೊಳ್ಳಿ ಎಂದರು. ಅಷ್ಟೇ! ಹೆದರಿದ್ದೇ ಬಂತು.

ಈ ಸಂಸ್ಥೆ ಹುಟ್ಟಿದ್ದು 1891ರಲ್ಲಿ, ವಿಶ್ವವಿದ್ಯಾನಿಲಯ 1916ರಲ್ಲಿ. ತಾಯಿಗಿಂತ ಮಗುವೇ ಹಿರಿದು. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಗ್ರಂಥ ಲಿಪಿಯ (ತಮಿಳು ಸೀಮೆಯಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದ ಲಿಪಿ) ತಾಳೆಗರಿ ಕಟ್ಟೊಂದನ್ನು ಇಲ್ಲಿಗೆ ತಂದುಕೊಟ್ಟರು. ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಓದಿ, ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿದರು. 1909ರಲ್ಲಿ ಅಚ್ಚು ಹಾಕಿಸಿದರು. ಅಲ್ಲಿಯವರೆಗೆ ಬೇರೆ ಗ್ರಂಥಗಳಲ್ಲಿನ ಉಲ್ಲೇಖಗಳಿಂದಷ್ಟೇ ಗೊತ್ತಿದ್ದ ಕೃತಿ ಅದು. ಆ ಪ್ರತಿಯನ್ನೇ ಕಣ್ಣಾರೆ ನೋಡುವ ಆಸೆಯಿತ್ತು, ಬಾಯಿ ಬಿಟ್ಟು ಕೇಳಲು ಸಂಕೋಚವಾಯಿತು. ಕಂಬಗಳ ಕೆತ್ತನೆ ನೋಡುತ್ತಾ ಅರ್ಧ ಗಂಟೆ ಕಳೆದೆ.

ಮಹಾರಾಜ ಕಾಲೇಜಿನ ಮುಂದೆ ನಿಂತಾಗ ನೆನಪಾದದ್ದು ರಾಧಾಕೃಷ್ಣನ್. 1918ರಿಂದ ಇಲ್ಲಿ ತತ್ತ್ವಶಾಸ್ತ್ರ ಹೇಳಿಕೊಟ್ಟು, 1921ರಲ್ಲಿ ಕಲ್ಕತ್ತಾಕ್ಕೆ ಹೊರಟಾಗ ವಿದ್ಯಾರ್ಥಿಗಳು ಸಾರೋಟಿನ ಕುದುರೆ ಬಿಚ್ಚಿ, ತಾವೇ ರೈಲು ನಿಲ್ದಾಣದವರೆಗೆ ಎಳೆದರಂತೆ. ಕಾಲೇಜಿನಿಂದ ನಿಲ್ದಾಣದವರೆಗೆ ನಡೆದು ನೋಡಿದೆ. ಖಾಲಿ ಕೈಯಲ್ಲಿ ನಡೆದರೂ ಬಿಸಿಲಿಗೆ ಬೆವರು ಇಳಿಯಿತು. ಸಾರೋಟು ಎಳೆದವರ ರಟ್ಟೆಯ ಮೇಲೆ ಗೌರವ ಹುಟ್ಟಿತು. ಅಲ್ಲಿಂದ ಆಟೊ ಹಿಡಿದು ವಿಶ್ವವಿದ್ಯಾನಿಲಯದ ಆಡಳಿತ ಕಚೇರಿಯಾದ ಕ್ರಾಫರ್ಡ್ ಭವನಕ್ಕೆ. ಕಡತ ಹಿಡಿದು ಓಡಾಡುವವರ ನಡುವೆ ಕತ್ತೆತ್ತಿ ನೋಡುವವನು ನಾನೊಬ್ಬನೇ, ಬೇಗ ಹೊರಬಿದ್ದೆ. ವಿಶ್ವವಿದ್ಯಾನಿಲಯದ ಲಾಂಛನದಲ್ಲಿ ಗಂಡಭೇರುಂಡ, ಜೊತೆಗೆ 'ನ ಹಿ ಜ್ಞಾನೇನ ಸದೃಶಂ', ಜ್ಞಾನಕ್ಕೆ ಸಮನಾದುದಿಲ್ಲ ಎಂಬ ಭಗವದ್ಗೀತೆಯ ಮಾತು.

ಮಾನಸಗಂಗೋತ್ರಿಗೆ ಹೋಗುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಕುಲಪತಿಯಾಗಿದ್ದ ಕುವೆಂಪು ಕೊಟ್ಟ ಹೆಸರಿದು. ಒಂದು ಕ್ಯಾಂಪಸ್ಸಿಗೆ ನದಿಯ ಹುಟ್ಟಿನ ಹೆಸರಿಡಲು ಕವಿಯೇ ಕುಲಪತಿಯಾಗಿರಬೇಕು. ಜಯಲಕ್ಷ್ಮೀ ವಿಲಾಸವನ್ನು ಹೊರಗಿನಿಂದಷ್ಟೇ ನೋಡಿದೆ. 1905ರಲ್ಲಿ ರಾಜಕುಮಾರಿಗಾಗಿ ಕಟ್ಟಿದ ಈ ಅರಮನೆಗೆ ಮುಂದೆ ಜಾನಪದ ವಸ್ತುಸಂಗ್ರಹಾಲಯ ಬಂತು. ರಾಜಮನೆತನದ ಮಹಲಿಗೆ ಹಳ್ಳಿಯ ಸೋಮನ ಮುಖವಾಡಗಳು, ತೊಗಲುಗೊಂಬೆಗಳು ವಾಸಕ್ಕೆ ಬಂದದ್ದು ನನಗಂತೂ ಬಹಳ ಇಷ್ಟವಾಯಿತು.

ಮರದಡಿಯಲ್ಲಿ ಕುಳಿತಿದ್ದ ಹುಡುಗಿಯೊಬ್ಬಳು ನನ್ನ ನರೆಗೂದಲು ನೋಡಿ ಎದ್ದು ನಿಂತು, "ಸಾರ್, ನೀವು ಯಾವ ವಿಭಾಗದವರು?" ಎಂದಳು. ಬೆಳಿಗ್ಗೆಯಾಗಿದ್ದರೆ ತಡವರಿಸುತ್ತಿದ್ದೆ. "ಸುಮ್ಮನೆ ನೋಡಲು ಬಂದವನಮ್ಮ, ಕುಳಿತುಕೋ" ಎಂದು ಮುಂದೆ ನಡೆದೆ.

ಕೊನೆಗೆ ಕುಕ್ಕರಹಳ್ಳಿ ಕೆರೆಯ ಏರಿ. ಹೆಜ್ಜಾರ್ಲೆಗಳು ಮರಕ್ಕೆ ಮರಳುತ್ತಿದ್ದವು. ನೀರುಕಾಗೆಯೊಂದು ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿತ್ತು. ಕತ್ತಲಾಗುತ್ತಿದ್ದಂತೆ ಕಾವಲುಗಾರರು ಸೀಟಿ ಊದಿದರು. ಇಡೀ ದಿನದಲ್ಲಿ ನನ್ನನ್ನು ಹೊರಗೆ ಕಳಿಸಿದ್ದು ಅದೊಂದೇ.