ಅಂಗನವಾಡಿಯಲ್ಲಿ ಊಟ, ಆಟಗಳನ್ನು ಅಳೆದ ಅನುಭವ

ಮೂಡಿಗೆರೆ ಮತ್ತು ಸಕಲೇಶಪುರ ತಾಲ್ಲೂಕುಗಳ ಕೆಲವು ಅಂಗನವಾಡಿಗಳಲ್ಲಿ ಮಕ್ಕಳ ಆಹಾರಕ್ಕೂ ಆಟಕ್ಕೂ ಎಂಥ ವಾತಾವರಣವಿದೆ ಎಂಬುದನ್ನು ಪರಿಶೀಲಿಸುವ ಕೆಲಸವನ್ನು ನಾನು ಮಾಡಿದ್ದೇನೆ. ಅಮೆರಿಕದ ನಾರ್ತ್ ಕೆರೊಲೈನಾ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಇಪಿಎಒ (ಶಿಶುಪಾಲನಾ ಕೇಂದ್ರದ ಪರಿಸರ ಮತ್ತು ನೀತಿಗಳನ್ನು ವೀಕ್ಷಿಸಿ ಅಳೆಯುವ) ಪದ್ಧತಿಯನ್ನು ಇದಕ್ಕೆ ಆಧಾರವಾಗಿಟ್ಟುಕೊಂಡೆ. ದಿನವಿಡೀ ಕೇಂದ್ರದಲ್ಲೇ ಕುಳಿತು ಗಮನಿಸುವುದು, ಜೊತೆಗೆ ದಾಖಲೆಗಳನ್ನು ನೋಡುವುದು ಅದರ ಕ್ರಮ.

ಆರು ತಿಂಗಳಿನಿಂದ ಆರು ವರ್ಷದ ಮಗುವಿಗೆ ದಿನಕ್ಕೆ 500 ಕಿಲೊ ಕ್ಯಾಲೊರಿ ಮತ್ತು 12ರಿಂದ 15 ಗ್ರಾಂ ಪ್ರೋಟೀನ್ ಪೂರಕವಾಗಿ ಸಿಗಬೇಕೆಂಬುದು, 2023ರಲ್ಲಿ ಪರಿಷ್ಕರಣೆಯಾಗುವವರೆಗೆ, ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ ಸೇವೆಗಳು) ಯೋಜನೆಯ ಮಾನದಂಡವಾಗಿತ್ತು. ರಿಜಿಸ್ಟರಿನಲ್ಲಿ ಮೊಟ್ಟೆ ಕೊಟ್ಟ ಲೆಕ್ಕ ಸಿಗುತ್ತದೆ; ಮಗು ಬಿಳಿಯ ಭಾಗವನ್ನಷ್ಟೇ ತಿಂದು ಹಳದಿಯನ್ನು ತಟ್ಟೆಯ ಅಂಚಿಗೆ ಸರಿಸಿದ್ದು ಎದುರಿಗೆ ಕುಳಿತವರಿಗೆ ಮಾತ್ರ ಕಾಣುತ್ತದೆ. ಆ ಹೊತ್ತಿನಲ್ಲಿ ದೊಡ್ಡವರು ಆಡುವ ಮಾತನ್ನೂ ನಾನು ಇದ್ದ ಹಾಗೆಯೇ ಬರೆದುಕೊಳ್ಳುತ್ತಿದ್ದೆ. “ಪೂರ್ತಿ ತಿಂದರೆ ಮಾತ್ರ ಆಟಕ್ಕೆ ಬಿಡೋದು” ಎಂಬುದು ಅಕ್ಕರೆಯಿಂದಲೇ ಬರುವ ಮಾತು, ಆದರೂ ಅದರಿಂದ ನಿಧಾನವಾಗಿ ಉಣ್ಣುವ ಮಗುವಿಗೆ ಆಟವೇ ತಪ್ಪಿಹೋಗುತ್ತದೆ. ಒಂದು ಕೇಂದ್ರದಲ್ಲಿ ನೀರಿನ ಫಿಲ್ಟರ್ ಅಡುಗೆಕಟ್ಟೆಯ ಮೇಲಿತ್ತು. ಕೇಳಲು ಸಂಕೋಚಪಡುವ ಮಕ್ಕಳು ಮಧ್ಯಾಹ್ನದವರೆಗೂ ನೀರು ಕುಡಿಯಲಿಲ್ಲ.

ಮೂರು, ನಾಲ್ಕು ವರ್ಷದವರಿಗೆ ದಿನಕ್ಕೆ ಕನಿಷ್ಠ 180 ನಿಮಿಷಗಳ ಚಟುವಟಿಕೆ, ಅದರಲ್ಲಿ ಕನಿಷ್ಠ 60 ನಿಮಿಷ ಮಧ್ಯಮದಿಂದ ತೀವ್ರ ಮಟ್ಟದ ಆಟ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಇದನ್ನು ತಿಳಿಯಲು ಕೆಲವು ನಿಮಿಷಗಳಿಗೊಮ್ಮೆ ತಲೆಯೆತ್ತಿ, ಆ ಕ್ಷಣದಲ್ಲಿ ಕುಳಿತವರೆಷ್ಟು, ನಡೆಯುತ್ತಿರುವವರೆಷ್ಟು, ಓಡುತ್ತಿರುವವರೆಷ್ಟು ಎಂದು ಗುರುತು ಹಾಕುತ್ತಿದ್ದೆ. ಒಂದೇ ದಿನದ ವೀಕ್ಷಣೆ ಮಲೆನಾಡಿಗೆ ಸಾಲದೆಂಬುದು ನನ್ನ ಖಚಿತ ಅಭಿಪ್ರಾಯ. ಸಂಕ್ರಾಂತಿಯ ಆಸುಪಾಸಿನಲ್ಲಿ ಅಂಗಳದ ತುಂಬ ಓಡುವ ಮಕ್ಕಳೇ ಆಷಾಢದ ಮಳೆಯಲ್ಲಿ ಚಾಪೆ ಬಿಟ್ಟು ಏಳುವುದಿಲ್ಲವಾದ್ದರಿಂದ ಎರಡೂ ಕಾಲದಲ್ಲಿ ಹೋಗಿ ನೋಡುವುದನ್ನು ರೂಢಿಸಿಕೊಂಡೆ. ಮಳೆಗಾಲದಲ್ಲಿ ಜಾಗವಿಲ್ಲವೆಂಬುದು ಎಲ್ಲೆಡೆ ಕೇಳಿಬರುವ ಉತ್ತರ. ಆದರೆ ಒಬ್ಬ ಕಾರ್ಯಕರ್ತೆ ಅಕ್ಕಿ ಮೂಟೆಗಳನ್ನು ಮೂಲೆಗೆ ಸರಿಸಿ, ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು ಕೆರೆ-ದಡ ಆಡಿಸಿದಾಗ ಆ ಚಿಕ್ಕ ಕೋಣೆಯಲ್ಲೇ ಮಕ್ಕಳೆಲ್ಲ ಜಿಗಿದು ಬೆವರಿದರು.

ಪ್ರತಿ ಕೇಂದ್ರದಲ್ಲೂ ವೀಕ್ಷಣೆಯ ದಿನವೇ ಸಂಜೆ ಕಾರ್ಯಕರ್ತೆ, ಸಹಾಯಕಿಯರ ಜೊತೆ ಕುಳಿತು, ಅವರೇ ಬದಲಿಸಬಹುದಾದುದನ್ನೂ ಪಂಚಾಯಿತಿ ಮಾಡಿಕೊಡಬೇಕಾದುದನ್ನೂ ಬೇರೆ ಬೇರೆಯಾಗಿ ಬರೆಯುತ್ತಿದ್ದೆ. ಫಿಲ್ಟರನ್ನು ಕೆಳಗಿನ ಸ್ಟೂಲಿಗೆ ಇಳಿಸುವುದು ಮೊದಲ ಪಟ್ಟಿಗೆ ಸೇರಿತು, ರಸ್ತೆಯ ಕಡೆಗಿನ ಕಾಂಪೌಂಡು ಎರಡನೆಯದಕ್ಕೆ.